ಸರ್ವಮಂಗಳಮ್ಮನವರ ಮಂಡಿ

ನವೆಂಬರ್ ೧೮, ಮಂಗಳವಾರ. ವಡೋದರಾ.

ಇವತ್ತೂ ಏನೂ ಬೆಳೆದಿಲ್ಲ. ಸರ್ವಮಂಗಳಮ್ಮನವರ ಕೃತಕ ಮಂಡಿಯಿಂದ ತೆಗೆದ ನೀರಿನಲ್ಲಿ ನಿಧಾನವಾಗಿ ಬೆಳೆಯುವ ಯಾವುದೋ ಅಪರೂಪದ ರೋಗಾಣು ಇದ್ದೀತೆಂದು, ಲ್ಯಾಬಿನವರು ಎಸೆಯೋಣ ಎಂದ ಮೇಲೂ ರೋಗಾಣು ಬೆಳೆಸುವ ತಟ್ಟೆಗಳನ್ನು ಇಟ್ಟುಕೊಂಡು ಕಾದೆ. ಎಲ್ಲ ಖಾಲಿ. ಮಂಡಿ ಮಾತ್ರ ಊದಿಕೊಂಡೇ ಇದೆ, ಕೀವು ನಿಂತಿಲ್ಲ.

ಸಂಜೆ ವಾರ್ಡಿಗೆ ಹೋದೆ. ಪಕ್ಕದ ಕೊಯಾಲಿ ಊರಿನಿಂದ ಬಂದ ಆಕೆಗೆ ಈ ಆಸ್ಪತ್ರೆಯಲ್ಲಿ ಕನ್ನಡ ಮಾತಾಡಲು ನಾನೊಬ್ಬಳೇ.

"ಏನೂ ಬಂದಿಲ್ವಂತೆ? ನಂಗೊತ್ತಿತ್ತು ಕಣಮ್ಮ. ನೀರು ತೆಗೆಯೋಕೆ ಮುಂಚೆ ಮನೇಲಿದ್ದ ಆಂಟಿಬಯಾಟಿಕ್ ನುಂಗ್ಕೊಂಡೇ ಬಂದಿದ್ದೆ."

"ಮಾತ್ರೆ ನಿಲ್ಲಿಸಿ ಅಂತ ಹೇಳಿದ್ವಲ್ಲ ಅಮ್ಮಾ?"

"ಶುಗರ್ ಟೆಸ್ಟ್ ಅಂದ್ರೆ ನಾಲ್ಕು ದಿನ ಸ್ವೀಟ್ ಬಿಡಲ್ವಾ? ಹಂಗೇ ಇದೂನೂ. ರಿಪೋರ್ಟ್ ಚೆನ್ನಾಗಿ ಬರ್ಲಿ ಅಂತ."

ಎಷ್ಟು ಹೆಮ್ಮೆ ಆ ಮುಖದಲ್ಲಿ! ಆ ಮಾತ್ರೆ ರೋಗಾಣುವನ್ನು ಕೊಂದಿಲ್ಲ, ನನ್ನ ಕಣ್ಣಿಗೆ ಬೀಳದ ಹಾಗೆ ಮಾಡಿದೆ ಅಷ್ಟೆ. ಮಾತ್ರೆ ನಿಲ್ಲಿಸಿ, ಮತ್ತೆ ನೀರು ತೆಗೆದು ಮೊದಲಿನಿಂದ ಕಾಯಲು ಸರ್ಜನ್ ಕಿರೀಟ್‌ಭಾಯಿ ಒಪ್ಪುವುದಿಲ್ಲ, ಮೂಳೆ ಸವೆಯುತ್ತಿದೆಯಂತೆ. ಗುರುವಾರ ಆ ಮಂಡಿಯನ್ನೇ ಕಿತ್ತು ತೆಗೆಯುತ್ತಾರೆ. ಆಮೇಲೆ ಯಾವ ಔಷಧಿ ಎಂದು ಸೋಂಕಿನ ಡಾಕ್ಟರಾದ ನನ್ನನ್ನು ಕೇಳುತ್ತಾರೆ. ರೋಗಾಣು ಯಾವುದೆಂದೇ ಗೊತ್ತಿಲ್ಲದೆ ಏನು ಹೇಳಲಿ? ಆಪರೇಷನ್ನಿನಲ್ಲಿ ತೆಗೆಯುವ ತುಣುಕುಗಳಲ್ಲಾದರೂ ಅದು ಸಿಕ್ಕೀತು ಎಂಬುದೊಂದೇ ಆಸೆ ಉಳಿದಿತ್ತು.

ಇದನ್ನೆಲ್ಲ ಆಕೆಗೆ ನಾಳೆ ಬಿಡಿಸಿ ಹೇಳೋಣ ಎಂದುಕೊಂಡೆ. ಎದ್ದು ಹೊರಟೆ. ಆಕೆ ನನ್ನ ಕೈ ಹಿಡಿದು, ದಿಂಬಿನ ಅಡಿಯಿಂದ ಖಾಲಿಯಾದ ಮಾತ್ರೆ ಶೀಟು ತೆಗೆದು ತೋರಿಸಿದರು.

"ನರ್ಸ್‌ಗೆ ಹೇಳ್ಬೇಡ. ಗುರುವಾರದ ಟೆಸ್ಟೂ ಪಾಸಾಗ್ಲಿ ಅಂತ ಎಲ್ಲಾ ಮುಗಿಸಿಬಿಟ್ಟೆ."

ನಾನು ಆ ಶೀಟನ್ನು ಜೇಬಿಗೆ ಹಾಕಿಕೊಂಡು, ಗುರುವಾರದ ತುಣುಕುಗಳಲ್ಲೂ ಏನೂ ಬೆಳೆಯಲಿಕ್ಕಿಲ್ಲ ಎಂದು ಹೇಳಲು ಕಿರೀಟ್‌ಭಾಯಿ ಹತ್ತಿರ ಹೊರಟೆ.