ಬಾಗಿಲು ಹಾಕಿಸಿದ್ದು ಯಾರು?

ಸಮುದಾಯ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಬಾಗಿಲು ಹಾಕಿದ್ದು ನನ್ನ ತಮ್ಮನೇ. ಅದರಲ್ಲಿ ಎರಡು ಮಾತಿಲ್ಲ. ವೆಲ್ಡಿಂಗ್ ಕಾರ್ಯಾಗಾರದ ಆ ದಪ್ಪ ತಗಡಿನ ಬಾಗಿಲನ್ನು ಅವನೇ ಕೈಯಾರೆ ಎಳೆದುಕೊಂಡ, ಕಿಟಕಿಗಳ ಚಿಲಕವನ್ನೂ ಅವನೇ ಹಾಕಿದ, ಆಮೇಲೆ ಆ ಹೊಗೆಯಲ್ಲೇ ಕುಸಿದು ಬಿದ್ದ. ನಿಮ್ಮ ‘ನಿರಂತರ ಸುಧಾರಣಾ ಯೋಜನೆ’ಯಲ್ಲಿ ಇದನ್ನು “ಬೋಧಕರ ವೈಯಕ್ತಿಕ ಅಜಾಗರೂಕತೆ” ಎಂದು ಬರೆದಿದ್ದೀರಿ. ಇನ್ನು ಮುಂದೆ ಅವನನ್ನು ಕಾರ್ಯಾಗಾರದೊಳಕ್ಕೆ ಬಿಡಬಾರದೆಂದು ಶಿಫಾರಸು ಮಾಡಿ ಬರುವ ವಾರ ಆಡಳಿತ ಮಂಡಳಿಯ ಮುಂದೆ ಇಡಲಿದ್ದೀರಿ. ಅವನು ಬಾಗಿಲು ಯಾಕೆ ಹಾಕಿದ ಎಂಬುದು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಹೇಳಬೇಕೆಂದು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಯಾವ ಮೀಟಿಂಗು ಎಂದು ಕೇಳಿದೆ. ಸುಧಾರಣೆಯದ್ದು ಅಂದರು. ಇಷ್ಟು ದೊಡ್ಡ ಕೆಲಸಕ್ಕೆ ನಾನೊಬ್ಬಳು ಅಡ್ಡ ಬರುವುದು ಬೇಡವೆಂದು ಪತ್ರಿಕೆಯವರ ಹತ್ತಿರ ಹೋದೆ. ಅವರು ಕೂರಿಸಿ ಕೇಳಿದರು, ಬರೆದುಕೊಡಿ, ಅಚ್ಚು ಹಾಕುತ್ತೇವೆ ಅಂದರು.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ವಯಸ್ಸು ಐವತ್ತು. ಮನೆಯಲ್ಲೇ ಹೊಲಿಗೆ ಹಾಕಿಕೊಂಡು ದೇವರನ್ನು ನಂಬಿಕೊಂಡು ಇದ್ದೇನೆ. ಅಪ್ಪ ಅಮ್ಮ ಬೇಗ ತೀರಿಕೊಂಡರು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ. ತಿಂದರೂ ಬಿಟ್ಟರೂ ಸುಳ್ಳು ಹೇಳಬೇಡ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳು ಎಂದು ಅವನಿಗೆ ಕಲಿಸಿದವಳೂ ನಾನೇ. ನಾನು ಕಲಿಸಿದ ಪಾಠ ಇವತ್ತು ಅವನ ಕುತ್ತಿಗೆಗೇ ಬಂದಿದೆ. ಅದು ಹೇಗೆ ಎಂದು ಮುಂದೆ ಬರೆಯುತ್ತೇನೆ.

ನಿಮ್ಮ ಕಾಲೇಜಿನ ಸಿಬ್ಬಂದಿ ದಿನದ ಬಗ್ಗೆ ಈ ಊರಿನಲ್ಲಿ ಎಲ್ಲರಿಗೂ ಒಳ್ಳೆಯ ಮಾತೇ ಇತ್ತು. ನನಗೂ ಇತ್ತು. ಹಗಲು ದುಡಿದು ಸಂಜೆ ಕಲಿಯಲು ಬರುವವರ ಕಾಲೇಜು ಅದು. ವರ್ಷಕ್ಕೊಮ್ಮೆ ಕಲಿಸುವವರನ್ನು, ಗುಡಿಸುವವರನ್ನು, ಬೀಗ ತೆಗೆಯುವವರನ್ನು ಎಲ್ಲರನ್ನೂ ಒಂದೇ ವೇದಿಕೆಗೆ ಕರೆದು ನೆನೆಯುವುದು ಎಷ್ಟು ಕಡೆ ಇದೆ? ಅದರಲ್ಲೂ ಆ ಕುರ್ಚಿಯ ಪದ್ಧತಿ. ಆ ವರ್ಷ ನಿವೃತ್ತರಾಗುವ ಒಬ್ಬೊಬ್ಬರಿಗೂ ಕಾಲೇಜಿನ ಕಾರ್ಯಾಗಾರದಲ್ಲೇ ಒಂದೊಂದು ಕುರ್ಚಿ ಮಾಡಿಸುತ್ತೀರಿ. ಅದನ್ನು ವೇದಿಕೆಯ ಮೇಲಿಟ್ಟು ಅವರನ್ನು ಕೂರಿಸುತ್ತೀರಿ. ಸಭಾಂಗಣದಲ್ಲಿ ಉಳಿದವರೆಲ್ಲ ಎದ್ದು ನಿಲ್ಲುತ್ತಾರೆ. ಬದುಕೆಲ್ಲ ನಿಂತು ಕೆಲಸ ಮಾಡಿದವರು ಕೂತಿರುತ್ತಾರೆ, ನೀವು ನಿಂತಿರುತ್ತೀರಿ. ಆ ಕುರ್ಚಿಗಳನ್ನು ಮಾಡುತ್ತಿದ್ದದ್ದು ನನ್ನ ತಮ್ಮ. ಯಾರ ಬೆನ್ನು ಹೇಗಿದೆ, ಯಾರಿಗೆ ಮಂಡಿ ನೋವು ಎಂದು ವಿಚಾರಿಸಿ ಎತ್ತರ ಇಳಿಜಾರು ನೋಡಿ ಮಾಡುತ್ತಿದ್ದ. “ನೀನೇನು ಕುರ್ಚಿ ಮಾಡ್ತೀಯೋ ಔಷಧಿ ಕೊಡ್ತೀಯೋ?” ಎಂದು ಅವನ ಹೆಂಡತಿ ಛೇಡಿಸುತ್ತಿದ್ದಳು.

ಈ ವರ್ಷ ಅವನಿಗೂ ಪ್ರಶಸ್ತಿ ಇತ್ತು. ಅತ್ಯುತ್ತಮ ಬೋಧಕ. ಅವನ ಮುಖ ಎಂದೂ ಬ್ಯಾನರಿನ ಮೇಲೆ ಬಂದದ್ದಲ್ಲ; ಈ ಸಲ ಬಂತು. ನಿಮ್ಮ ಎಲ್ಲ ಪ್ರಶಸ್ತಿ ವಿಜೇತರ ಮುಖಗಳಿದ್ದ ಆ ದೊಡ್ಡ ಬ್ಯಾನರನ್ನು ಎಲ್ಲಿ ಕಟ್ಟಿಸಿದಿರಿ, ನೆನಪಿದೆಯೇ? ರಸ್ತೆಯಲ್ಲಿ ಹೋಗುವವರಿಗೆ ಕಾಣಲಿ ಎಂದು ಕಾರ್ಯಾಗಾರದ ಹಿಂದಿನ ಗೋಡೆಗೆ. ಹೊಗೆ ಎಳೆದು ಹೊರಗೆ ಹಾಕುವ ಫ್ಯಾನಿನ ಬಾಯಿ ಇರುವುದು ಆ ಗೋಡೆಯಲ್ಲೇ. ಇನ್ನು ವೇದಿಕೆಗೆ ಸ್ವಾಗತ ಕಮಾನು ಬೇಕೆಂದು ಕಾರ್ಯಾಗಾರದಲ್ಲಿದ್ದ ಒಳ್ಳೆಯ ಪೈಪುಗಳನ್ನೆಲ್ಲ ಅದಕ್ಕೇ ಬಳಸಿಕೊಂಡಿರಿ. ಉಳಿದದ್ದು ಹಳೆಯ ರ‍್ಯಾಕುಗಳಿಂದ ಕಳಚಿದ, ಎಂಥದೋ ಲೇಪನ ಹಚ್ಚಿದ ಪೈಪುಗಳು. ಅವನ್ನು ಸುಟ್ಟರೆ ಬರುವ ಹೊಗೆ ಕೆಟ್ಟದ್ದೆಂದು ಅವನಿಗೆ ಗೊತ್ತಿತ್ತು. ಬಾಗಿಲು ತೆರೆದಿಟ್ಟು, ಫ್ಯಾನ್ ಹಾಕಿಕೊಂಡು, ಮುಖ ಒಂದು ಪಕ್ಕಕ್ಕೆ ಇಟ್ಟುಕೊಂಡೇ ಮಾಡಬೇಕಾದ ಕೆಲಸ ಅದು.

ಮಾಡಲೇಬೇಕಿತ್ತೇ ಎಂದು ನೀವು ಕೇಳುತ್ತೀರಿ. ಹಿಂದೆ ನನ್ನನ್ನೂ ಕರೆದಿದ್ದ ಮೀಟಿಂಗಿನಲ್ಲೂ ಇದನ್ನೇ ಕೇಳಿದಿರಿ. ಕುರ್ಚಿ ಕೊಡಬೇಕಾದವರ ಪೈಕಿ ಒಬ್ಬರನ್ನು ನಿಮ್ಮ ಕಚೇರಿ ಮರೆತಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಡುವ ಆಯಾ, ಮಕ್ಕಳೆಲ್ಲ ‘ಲೈಬ್ರರಿ ಅಮ್ಮ’ ಎನ್ನುವವರು. ಅವರದ್ದೂ ಅದೇ ತಿಂಗಳು ನಿವೃತ್ತಿ. ಕುರ್ಚಿಗಳನ್ನೆಲ್ಲ ವೇದಿಕೆಯ ಹಿಂದೆ ಜೋಡಿಸುವಾಗ ನನ್ನ ತಮ್ಮನಿಗೆ ಅದು ಹೊಳೆಯಿತು. ಕಚೇರಿ ಅಧೀಕ್ಷಕರನ್ನು ಕೇಳಿದ್ದಕ್ಕೆ, “ಅಯ್ಯೋ, ಹೌದಲ್ವಾ! ಹೋಗ್ಲಿ ಬಿಡಿ, ಅವರಿಗೆ ಒಂದು ಹೂಗುಚ್ಛ ಕೊಟ್ರಾಯ್ತು” ಅಂದರಂತೆ.

ಇವನು ಬಿಡಲಿಲ್ಲ. ನಾನು ಅವನಿಗೆಂದು ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಂಡು ಕಾರ್ಯಾಗಾರದ ಬಾಗಿಲಿಗೆ ಬಂದಾಗ ಎಣ್ಣೆ ಮಸಿಯ ಅಂಗಿಯಲ್ಲೇ ಪೈಪು ಕೊಯ್ಯುತ್ತ ಕೂತಿದ್ದ.

“ಏನೋ ಇದು, ಆಚೆ ಜನ ಎಲ್ಲ ಬಂದು ಕೂತಿದಾರೆ” ಅಂದೆ.

“ಬಂದೆ ಅಕ್ಕಾ. ಅಂಗಿ ಅಲ್ಲೇ ಮೊಳೆಗೆ ಹಾಕು. ಅಬ್ಬಾ, ಎಂಥ ಇಸ್ತ್ರಿನೇ! ಇದನ್ನ ಹಾಕ್ಕೊಂಡು ಹೋದ್ರೆ ನನ್ನನ್ನೇ ಮುಖ್ಯ ಅತಿಥಿ ಅಂದ್ಕೋತಾರೆ.”

“ಮಾತು ಸಾಕು. ಏಳು.”

“ಎಲ್ಲರ ಕುರ್ಚಿ ಒಳಗೆ ಹೋಗಿ ಆ ಅಮ್ಮನೊಬ್ರು ನಿಂತ್ಕೊಂಡೇ ಇರೋದನ್ನ ನಾನು ನೋಡೋಕಾಗಲ್ಲ ಅಕ್ಕಾ. ಅವರನ್ನ ಕರೆಯೋದು ಕೊನೆಗೆ. ಅಷ್ಟರಲ್ಲಿ ಆಗತ್ತೆ.”

ಆಗಲೇ ನಿಮ್ಮ ಅಧೀಕ್ಷಕರು ಬಂದರು. ನನ್ನನ್ನು ದಾಟಿಕೊಂಡೇ ಒಳಗೆ ಹೋದರು. ನಾನು ಅಲ್ಲಿದ್ದೆ ಎಂಬುದು ಅವರಿಗೆ ಈಗ ನೆನಪಿಲ್ಲವಂತೆ; ಇರಲಿ. ಕಾರ್ಯಾಗಾರಕ್ಕೂ ಸಭಾಂಗಣಕ್ಕೂ ನಡುವೆ ಇರುವುದು ಒಂದೇ ಗೋಡೆ. ಸಭೆ ಇದ್ದಾಗಲೆಲ್ಲ ಕಾರ್ಯಾಗಾರದ ಬಾಗಿಲು ಹಾಕಿಸುವುದು ನಿಮ್ಮಲ್ಲಿ ಮೊದಲಿನಿಂದಲೂ ಇರುವ ರೂಢಿ. ಅವತ್ತಿನ ಮಾತು ನನ್ನ ಕಿವಿಯಾರೆ ಕೇಳಿದ್ದು, ಹಾಗೇ ಬರೆಯುತ್ತಿದ್ದೇನೆ.

“ಮೇಷ್ಟ್ರೇ, ಶಬ್ದ ಎಲ್ಲ ಮೈಕಲ್ಲಿ ಬರ್ತಿದೆ. ಸಾಹೇಬರು ಭಾಷಣ ಶುರು ಮಾಡ್ತಾರೆ. ಬಾಗಿಲು ಹಾಕಿಸು ಅಂತ ನನ್ನನ್ನ ಕಳಿಸಿದಾರೆ. ಕಿಟಕಿನೂ ಹಾಕ್ಕೊಂಬಿಡಿ.”

“ಹೊಗೆ ಎಲ್ಲಿಗೆ ಹೋಗತ್ತೆ ಸಾರ್? ಹಿಂದೆ ಫ್ಯಾನಿಗೆ ಬ್ಯಾನರ್ ಕಟ್ಟಿಸಿದೀರಿ. ಅದನ್ನಾದ್ರೂ ಒಂಚೂರು ಎತ್ತಿಸಿ.”

“ಈಗ ಬ್ಯಾನರ್ ಬಿಚ್ಚೋದಾ? ಅತಿಥಿಗಳ ಫೋಟೋ ಎಲ್ಲ ಅದರ ಮುಂದೆ ತೆಗೀಬೇಕು ಮಾರಾಯ್ರೇ. ಭಾಷಣ ಮುಗಿಯೋವರೆಗೆ ತಾನೇ, ಸುಧಾರಿಸ್ಕೊಳ್ಳಿ.”

ನನ್ನ ತಮ್ಮ ನನ್ನ ಕಡೆ ನೋಡಿದ. ದೊಡ್ಡವರ ಮುಂದೆ ವಾದ ಬೇಡ ಎಂದು ಚಿಕ್ಕಂದಿನಲ್ಲಿ ಕಣ್ಣಲ್ಲೇ ಹೇಳುತ್ತಿದ್ದೆನಲ್ಲ, ಅಂಥದ್ದೇನಾದರೂ ಅವನಿಗೆ ಕಂಡಿತೋ ಏನೋ. “ನೀನು ಹೋಗಿ ಕೂತ್ಕೋ ಅಕ್ಕಾ” ಅಂದು ಬಾಗಿಲು ಎಳೆದುಕೊಂಡ.

ನಾನು ಹೋಗಿ ಕೂತೆ. ನಿಮ್ಮ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಮೈಕಿನಲ್ಲಿ ಒಂದಿಷ್ಟೂ ಬೇರೆ ಶಬ್ದವಿರಲಿಲ್ಲ. ಸಿಬ್ಬಂದಿಯೇ ಸಂಸ್ಥೆಯ ಆಸ್ತಿ ಅಂದಿರಿ. ಕಟ್ಟಡಗಳಿಂದ ಕಾಲೇಜಾಗುವುದಿಲ್ಲ, ಮನುಷ್ಯರಿಂದ ಆಗುತ್ತದೆ ಅಂದಿರಿ. ನಿಮ್ಮ ಮಾತು ಚೆನ್ನಾಗಿತ್ತು ಸ್ವಾಮಿ, ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅತ್ಯುತ್ತಮ ಬೋಧಕ ಎಂದು ನನ್ನ ತಮ್ಮನ ಹೆಸರು ಕರೆದರು. ಅವನು ಬರಲಿಲ್ಲ. ಇನ್ನೊಮ್ಮೆ ಕರೆದರು. ನಿರೂಪಣೆ ಮಾಡುತ್ತಿದ್ದ ಹುಡುಗಿ ನಕ್ಕು, “ನೋಡಿ, ನಮ್ಮ ಮೇಷ್ಟ್ರು ಪ್ರಶಸ್ತಿ ತಗೊಳ್ಳೋಕೂ ಕೆಲಸ ಬಿಟ್ಟು ಬರಲ್ಲ! ಇದಕ್ಕಲ್ವಾ ಸಮರ್ಪಣೆ ಅನ್ನೋದು?” ಅಂದಳು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನೀವೂ ತಟ್ಟಿದಿರಿ. ನಾನೂ ತಟ್ಟಿದೆ. ಅವಳದ್ದೇನೂ ತಪ್ಪಿಲ್ಲ, ಪಾಪ, ಅವಳಿಗೇನು ಗೊತ್ತು. ಗೋಡೆಯ ಆಚೆ ಅವನು ಬಾಗಿಲಿನವರೆಗೆ ತೆವಳಿಕೊಂಡು ಬಂದು ಚಿಲಕಕ್ಕೆ ಕೈ ಎಟುಕದೆ ಬಿದ್ದಿದ್ದ.

ಅವನನ್ನು ಕಂಡವರು ಲೈಬ್ರರಿ ಅಮ್ಮ. ಪ್ರಶಸ್ತಿಗೆ ಕರೆದರೂ ಬಾರದ ಮನುಷ್ಯ ಎಲ್ಲಿ ಎಂದು ಎದ್ದು ಹೋದವರು ಅವರೊಬ್ಬರೇ. ಕಿಟಕಿಯ ಗಾಜು ಒಡೆದು ಕೂಗಿಕೊಂಡರು. ಅವರಿಗೆಂದು ಮಾಡುತ್ತಿದ್ದ ಕುರ್ಚಿಗೆ ಮೂರು ಕಾಲು ಮಾತ್ರ ಕೂತಿದ್ದವು. ಅದನ್ನು ಯಾರೋ ಪೂರ್ತಿ ಮಾಡಿಸಿ, ಬಣ್ಣ ಹೊಡೆಸಿ ಅವರ ಮನೆಗೆ ಕಳಿಸಿದರಂತೆ. ಅವರು ಗೇಟಿನಿಂದಲೇ ವಾಪಸ್ ಕಳಿಸಿದರು.

ಈಗ ನಿಮ್ಮ ವಿಚಾರಣೆಗೆ ಬರೋಣ. ಆಸ್ಪತ್ರೆಗೆ ನಿಮ್ಮ ಕಡೆಯ ಇಬ್ಬರು ಬಂದರು. ಹಣ್ಣು ತಂದಿದ್ದರು. ಅವನ ಶ್ವಾಸಕೋಶ ಒಳಗಿನಿಂದ ಸುಟ್ಟ ಹಾಗಾಗಿದೆ, ಮೊದಲಿನ ಹಾಗೆ ಆಗುವುದು ಕಷ್ಟ ಎಂದು ಡಾಕ್ಟರು ಅದೇ ಬೆಳಿಗ್ಗೆ ಹೇಳಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಒಂದು ಮಾತಾಡಿದರೆ ಇನ್ನೊಂದು ಮಾತಿಗೆ ಕಾಯಬೇಕು. ಬಂದವರಲ್ಲಿ ಒಬ್ಬರು ಬಗ್ಗಿ, “ಬಾಗಿಲು ಹಾಕಿದ್ದು ಯಾರು ಮೇಷ್ಟ್ರೇ?” ಎಂದು ಕೇಳಿದರು.

“ನಾನೇ” ಅಂದ.

ಮುಂದಿನ ಮಾತಿಗೆ ಅವನು ಉಸಿರು ಎಳೆದುಕೊಳ್ಳುತ್ತಿದ್ದ. ಅವನ ಹೆಂಡತಿ ನೋಡಿದ್ದಾಳೆ, ನಾನು ನೋಡಿದ್ದೇನೆ, ಬಾಯಿ ತೆರೆದೇ ಇತ್ತು. “ಸಾಕು ಸಾಕು, ಆಯಾಸ ಮಾಡ್ಕೋಬೇಡಿ, ವಿಶ್ರಾಂತಿ ತಗೊಳ್ಳಿ” ಎಂದು ಅವರು ಎದ್ದರು. ಬಾಗಿಲ ಬಳಿ ನಾನು, “ಸ್ವಾಮಿ, ನಾನು ಅಲ್ಲೇ ಇದ್ದೆ, ಹೇಳ್ತೀನಿ” ಅಂದೆ. “ಅಮ್ಮಾ, ಅವರೇ ಒಪ್ಕೊಂಡ್ರಲ್ಲ, ಇನ್ನೇನು?” ಅಂದರು. ಅವರು ಹೋದ ಮೇಲೆ ತಮ್ಮನ ಹೆಂಡತಿ ಆ ಹಣ್ಣಿನ ಚೀಲವನ್ನೇ ನೋಡುತ್ತ, “ಅತ್ತಿಗೆ, ಇವರು ನೋಡೋಕೆ ಬಂದಿದ್ದಲ್ಲ, ಆ ಒಂದು ಮಾತು ತಗೊಂಡು ಹೋಗೋಕೆ ಬಂದಿದ್ದು” ಅಂದಳು.

ಆ ಒಂದು ಮಾತಿನ ಮೇಲೆ ನಿಮ್ಮ ಸುಧಾರಣೆ ನಿಂತಿದೆ. ಮೀಟಿಂಗಿಗೆ “ಕುಟುಂಬದ ಪ್ರತಿನಿಧಿ” ಎಂದು ನನ್ನನ್ನೂ ಕರೆದಿದ್ದಿರಿ. ತಂಪು ಕೋಣೆ, ಗೋಡೆಯ ಮೇಲೆ ಬಣ್ಣದ ಚಿತ್ರಗಳು. ನಮ್ಮ ಸಾಧನೆಗಳು, ನಮ್ಮ ಸವಾಲುಗಳು. ನನ್ನ ತಮ್ಮ ಸವಾಲುಗಳಲ್ಲಿ ಬಂದ. ಅವತ್ತು ಕಂಡದ್ದನ್ನು ಹೇಳಲು ನಾನು ಎದ್ದರೆ, ಅದು ಈಗಿನ ವಿಷಯವಲ್ಲ ಎಂದು ಕೂರಿಸಿದರು. ಪರಿಹಾರವಾಗಿ ಕಾರ್ಯಾಗಾರದ ಬಾಗಿಲಿಗೆ ‘ಕೆಲಸ ನಡೆಯುವಾಗ ಮುಚ್ಚಬಾರದು’ ಎಂದು ಬೋರ್ಡು. ಬೋಧಕರಿಗೆ ಸುರಕ್ಷತೆಯ ತರಬೇತಿ. ಸಭಾಂಗಣಕ್ಕೆ ಹೊಸ ಧ್ವನಿವರ್ಧಕ. ಯಾರೂ ಮುಚ್ಚಿಸಬಾರದು ಎಂಬ ಬೋರ್ಡನ್ನು ನಿಮ್ಮ ಕೋಣೆಗೆ ಹಾಕುತ್ತೀರಾ ಎಂದು ನಾನು ಕೇಳಿದೆ. ಯಾರೋ ನಕ್ಕರು. ನೀವು ನೀರು ಕುಡಿದಿರಿ. ಅಧೀಕ್ಷಕರು, “ಆ ಕುರ್ಚಿ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲಮ್ಮ” ಅಂದರು. ಹೌದು, ಹೇಳಿರಲಿಲ್ಲ. ನೀವು ಮರೆತದ್ದನ್ನು ಅವನು ಯಾರೂ ಹೇಳದೆ ನೆನೆದ. ಅದಕ್ಕೆ ನಿಮ್ಮಲ್ಲಿ ಅಜಾಗರೂಕತೆ ಎಂದು ಹೆಸರಿದೆ. ಮರೆತದ್ದಕ್ಕೆ ಹೆಸರೇ ಇಲ್ಲ. ಕೈ ಅವನದು, ಮಾತು ನಿಮ್ಮದು. ಮಾತು ಕೇಳಿದ ಕೈಗೆ ಶಿಕ್ಷೆ ಕೊಟ್ಟು, ಮಾತಾಡಿದ ಬಾಯಿಗೆ ಹೊಸ ಧ್ವನಿವರ್ಧಕ ತರಿಸುತ್ತೀರಲ್ಲ, ಇದು ಯಾವ ಶಾಸ್ತ್ರದ ಸುಧಾರಣೆ?

ಭಾಷಣ ಮಾಡುತ್ತಿದ್ದ ನಿಮಗೆ ಗೋಡೆಯಾಚೆಯ ಹೊಗೆ ಕಾಣುವುದು ಸಾಧ್ಯವಿರಲಿಲ್ಲ. ಒಪ್ಪುತ್ತೇನೆ. ಶಬ್ದ ಬೇಡ ಅಂದದ್ದು ಯಾರನ್ನೂ ಸಾಯಿಸಲು ಅಲ್ಲ. ಅದನ್ನೂ ಒಪ್ಪುತ್ತೇನೆ. ದೇವರ ಮುಂದೆ ನಿಂತು ನಾನು ನಿಮಗೆ ಕೇಡು ಬಯಸಿಲ್ಲ. ಬಯಸುವ ಮನಸ್ಸು ಬಂದ ದಿನ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೇನೆ. ಆದರೆ ನಾನು ನಂಬಿರುವ ದೇವರು ಒಂದೇ ಪ್ರಶ್ನೆ ಕೇಳಿ ಎದ್ದು ಹೋಗುವವನಲ್ಲ. ಮಾಡಿದ್ದು ಯಾರು ಎಂದು ಕೇಳಿದ ಮೇಲೆ ಮಾಡಿಸಿದ್ದು ಯಾರು ಎಂದೂ ಕೇಳುತ್ತಾನೆ. ಅಲ್ಲಿ ಮೀಟಿಂಗಿನಲ್ಲಿದ್ದೇನೆ ಎಂದರೆ ನಡೆಯುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಿದ್ದರೂ ನನ್ನ ತಮ್ಮ ಇನ್ನು ಕಬ್ಬಿಣ ಬೆಸೆಯುವ ಹಾಗಿಲ್ಲ. ಅದು ಅವನಿಗೂ ಗೊತ್ತು. ಆದರೆ ಬಾಗಿಲ ಬಳಿ ಒಂದು ಕಡೆ ಕೂತು ಕಲಿಸಬಹುದು. ಡಾಕ್ಟರೂ ಹೂಂ ಅಂದಿದ್ದಾರೆ. ಬೆಳಿಗ್ಗೆ ಎದ್ದು ಅವನು ಬದುಕುವುದಕ್ಕೆ ಉಳಿದಿರುವ ಕಾರಣ ಅದೊಂದೇ. ಆ ಶಿಫಾರಸು ಪಾಸಾದರೆ ಅದೂ ಹೋಗುತ್ತದೆ. ಜೊತೆಗೆ, ತಾನೂ ಸತ್ತು ಮಕ್ಕಳನ್ನೂ ಸಾಯಿಸಬಹುದಾಗಿದ್ದ ಮೇಷ್ಟ್ರು ಎಂದು ಅವನು ಕಲಿಸಿದ ಮಕ್ಕಳೇ ಅವನ ಬಗ್ಗೆ ಓದಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆಡಳಿತ ಮಂಡಳಿ ಸೇರುವ ಮೊದಲು ನೀವೇ ನಮ್ಮ ಮನೆಗೆ ಬನ್ನಿ. ಬೇರೆಯವರನ್ನು ಕಳಿಸಬೇಡಿ, ಹಣ್ಣು ತರಬೇಡಿ. ಅವನ ಮಂಚದ ಪಕ್ಕದಲ್ಲಿ ಕೂತು, ಬಾಗಿಲು ಹಾಕಿಸಿದ್ದು ಯಾರು ಎಂದು ಕೇಳಿ. ಉತ್ತರ ಹೇಳುವುದಕ್ಕೆ ಅವನಿಗೆ ಹೊತ್ತು ಹಿಡಿಯುತ್ತದೆ. ನಡುವೆ ಕೆಮ್ಮು ಬರುತ್ತದೆ, ಅವನ ಹೆಂಡತಿ ಬೆನ್ನು ನೀವುತ್ತಾಳೆ, ಮತ್ತೆ ಶುರು ಮಾಡುತ್ತಾನೆ. ನೀವು ಏಳಬಾರದು. ಆಯಾಸ ಮಾಡ್ಕೋಬೇಡಿ ಅನ್ನಬಾರದು. ಅವನು ಮುಗಿಸುವವರೆಗೆ ಕೂತಿರಬೇಕು. ಆಮೇಲೆ ನಿಮಗೆ ಏನು ಬರೆಯಬೇಕು ಅನ್ನಿಸುತ್ತದೋ ಅದನ್ನೇ ಬರೆಯಿರಿ.

ಇಂತಿ,
ಈವರೆಗೆ ನಿಮ್ಮವರು ಯಾರೂ ಏನೂ ಕೇಳದ ಸಾಕ್ಷಿ,
ನಿಮ್ಮ ‘ಅಜಾಗರೂಕ’ ಮೇಷ್ಟ್ರ ಅಕ್ಕ