ಮಹಡಿ ಕೋಣೆಯಲ್ಲಿ ನಾನಾಡಿದ ಮಾತು

ಶನಿವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಮೊದಲೆಲ್ಲ ‘ಪ್ರೀತಿಯ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಆ ಪದ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಹಾಳೆಯನ್ನೇ ಬದಲಾಯಿಸಿದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀವು ಕೇಳಿರಲಿಲ್ಲ, ಆದರೂ ಹೇಳಿದೆ.

ನಿಮ್ಮ ಕಾಗದ ತಲುಪಿತು. ನಿಮ್ಮ ಬಳಗವನ್ನು ನಾನು ‘ಕುರುಡು ಪಂಥ’ ಎಂದೆನಲ್ಲ, ಆ ಮಾತನ್ನು ಬರವಣಿಗೆಯಲ್ಲಿ ಹಿಂದಕ್ಕೆ ಪಡೆಯಬೇಕು. ಅದನ್ನು ಭಾನುವಾರ ಎಲ್ಲರ ಮುಂದೆ ಓದುತ್ತಾರೆ. ಆಮೇಲೆ ನೀವು ಮನೆಗೆ ಬರುತ್ತೀರಿ. ಇಷ್ಟೇ ತಾನೆ? ಮನೆ ಬಿಟ್ಟು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿರುವ ಗಂಡ ಹೆಂಡತಿಗೆ ಬರೆದದ್ದು ಇಷ್ಟೇ. ಮಗಳ ಕೆಮ್ಮು ವಾಸಿಯಾಯಿತೇ ಎಂದು ಒಂದು ಸಾಲು ಹೆಚ್ಚಿಗೆ ಬರೆದಿದ್ದರೆ ನಿಮ್ಮ ಸ್ವಾತಂತ್ರ್ಯಕ್ಕೆ ಏನು ಕುಂದಾಗುತ್ತಿತ್ತು?

ಆ ಪದ ನ್ಯಾಯವೋ ಅನ್ಯಾಯವೋ ಎಂದು ನಾನೂ ಯೋಚಿಸಿದೆ. ನಮ್ಮ ಲಾಂಡ್ರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ರಾಶಿ ರಾಶಿ ಬರುತ್ತದೆ. ಇಸ್ತ್ರಿ ಹಾಕುವವಳಿಗೆ ಕೈಗೆ ಮಾತ್ರ ಕೆಲಸ, ತಲೆ ಖಾಲಿಯೇ ಇರುತ್ತದೆ.

ಮೊದಲು ನಿಮ್ಮ ಕಡೆಯದನ್ನೇ ಹೇಳುತ್ತೇನೆ. ಭಾನುವಾರ ಭಾನುವಾರ ನಿಮ್ಮ ಬಳಗ ಕೂಡಿ ಓದುವ ಆ ಪುಸ್ತಕ ಕೆಟ್ಟದ್ದಲ್ಲ. ಅದು ಹೇಳುವುದಿಷ್ಟು: ನನ್ನ ದೇಹ ನನ್ನದು, ನನ್ನ ದುಡಿಮೆ ನನ್ನದು. ಸರ್ಕಾರವಾಗಲಿ, ಧಣಿಯಾಗಲಿ, ಹೆತ್ತವರಾಗಲಿ ಯಾರನ್ನೂ ಬಲವಂತದಿಂದ ಆಳಬಾರದು. ಮನಸಾರೆ ಒಪ್ಪಿದ ಮಾತಿಗೆ ಮಾತ್ರ ಮನುಷ್ಯ ಕಟ್ಟುಬೀಳಬೇಕು. ನೀವು ಅಂಗಡಿಗಳ ಬೋರ್ಡ್ ಬರೆದು ಬಂದು, ಬೆರಳಿನ ಬಣ್ಣ ಒರೆಸಿಕೊಳ್ಳುತ್ತ ಇದನ್ನೆಲ್ಲ ಹೇಳುವಾಗ ನಾನು ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಕೆಲಸ ಮುಗಿದ ಮೇಲೂ ಬಾಗಿಲು ಹಾಕಿ ನಮ್ಮನ್ನು ನಿಲ್ಲಿಸಿಕೊಳ್ಳುತ್ತಿದ್ದ ಮೇಲ್ವಿಚಾರಕನಿಗೆ, “ನಾನು ಒಪ್ಪಿಲ್ಲ ಸಾರ್, ಬಾಗಿಲು ತೆಗೀರಿ” ಅಂದೆ. ಯಾರಾದರೂ ಹೆಸರು ಕೇಳಿದರೂ ನೆಲ ನೋಡುವವಳು ನಾನು! ಆ ಧೈರ್ಯ ಆ ಪುಸ್ತಕದ್ದು. ಕನ್ನಡಕದಂಗಡಿಯ ಮೇಲೆ ನೀವೆಲ್ಲ ಸೇರುವ ಮಹಡಿ ಕೋಣೆಯಲ್ಲಿ ಯಾರ ಫೋಟೋವೂ ಇಲ್ಲ, ಯಾರೂ ಯಾರಿಗೂ ಕೈಮುಗಿಯುವುದಿಲ್ಲ, ಕುರ್ಚಿಗಳನ್ನು ದುಂಡಗೆ ಹಾಕಿದ್ದೀರಿ. ಎಲ್ಲ ನಿಜ.

ಆದರೆ ಲಿಫ್ಟಣ್ಣನ ವಿಷಯ ನಿಮ್ಮ ಕಾಗದದಲ್ಲಿ ಎಲ್ಲಿದೆ?

ಕೆಟ್ಟುನಿಂತ ಲಿಫ್ಟುಗಳನ್ನು ರಿಪೇರಿ ಮಾಡುವ ಆ ನಿಮ್ಮ ಗೆಳೆಯನೇ ತಾನೆ ನಿಮ್ಮನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದವನು? ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ದಿನವಿಡೀ ನಿಂತೇ ಇರುತ್ತಾಳೆ, ಕೂರಲು ಒಂದು ಕುರ್ಚಿ ಕೊಡಬಾರದೇ ಎಂದು ಅವನು ಅಲ್ಲಿ ಎಲ್ಲರ ಮುಂದೆ ಕೇಳಿದ. “ನಿಂತು ಮಾಡ್ತೀನಿ ಅಂತ ಒಪ್ಕೊಂಡೇ ಬಂದಿದಾಳೆ, ಯಾರೂ ಕಟ್ಟಿಹಾಕಿಲ್ಲ” ಎಂದರು ನಿಮ್ಮ ಬಳಗ ಕಟ್ಟಿದ ಆ ಅಂಗಡಿಯವರು. “ಒಪ್ದೇ ಏನ್ಮಾಡ್ತಾಳೆ ಸಾರ್, ಹೊಟ್ಟೆ ಕೇಳ್ಬೇಕಲ್ಲ? ಇಲ್ಲಿ ಇಷ್ಟೊಂದು ಕುರ್ಚಿ ಇದೆ, ಒಂದು ಕೆಳಗೆ ಹೋದ್ರೆ ಸ್ವಾತಂತ್ರ್ಯ ಬಿದ್ದುಹೋಗುತ್ತಾ?” ಎಂದು ಲಿಫ್ಟಣ್ಣ ಇಡೀ ಬೀದಿಗೆ ಕೇಳುವ ಹಾಗೆ ನಕ್ಕ. ಅವತ್ತು ಮನೆಗೆ ಬಂದು ಇದನ್ನು ಹೇಳಿ ನೀವೂ ನಕ್ಕಿರಿ. “ಸರಿಯಾಗಿ ಕೊಟ್ಟ ನೋಡು” ಎಂದಿರಿ.

ಮರುದಿನದಿಂದ ಅವನು ನಿಮ್ಮ ಕಣ್ಣಿಗೆ ಕಾಣಿಸುವುದೇ ನಿಂತುಹೋಯಿತು. ನಿಮ್ಮ ಬಳಗದ ಬೇಕರಿಯವರಿಗೂ ಕಾಣಿಸಲಿಲ್ಲ, ಟೈಲರಿಗೂ ಕಾಣಿಸಲಿಲ್ಲ. ಎದುರಿಗೆ ಬಂದರೆ ರಸ್ತೆ ದಾಟಿ ಆ ಕಡೆ ನಡೆದಿರಿ. ಯಾಕೆ ಎಂದು ನಾನು ಕೇಳಿದೆ. “ಯಾರ ಜೊತೆ ಮಾತಾಡ್ಬೇಕು, ಬಿಡ್ಬೇಕು ಅನ್ನೋದು ನನ್ನಿಷ್ಟ. ಯಾರೂ ನನಗೆ ಹೇಳಿಲ್ಲ.” ಎಲ್ಲರಿಗೂ ಒಂದೇ ದಿನ, ಒಬ್ಬನ ಮೇಲೇ, ಒಂದೇ ಇಷ್ಟ ಬಂತೇ? ಜ್ವರವೂ ಹೀಗೆ ಹಬ್ಬುವುದಿಲ್ಲ.

ಅವನ ತಾಯಿ ತೀರಿಕೊಂಡರು. ಪುಟ್ಟಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ನನ್ನ ಬೆನ್ನು ನೀವುತ್ತ ಕುಳಿತಿದ್ದವರು ಅವರು. ನೀವು ಗೋಡೆ ನೋಡುತ್ತ, “ಹೋಗ್ಲೇಬೇಕು ಅಂತ ನಾನು ಯಾರಿಗೂ ಒಪ್ಕೊಂಡಿಲ್ಲ” ಎಂದಿರಿ. ನಾನೊಬ್ಬಳೇ ಹೋದೆ. ಲಿಫ್ಟಣ್ಣ ನನ್ನ ಹಿಂದೆ ಬಾಗಿಲನ್ನೇ ನೋಡುತ್ತಿದ್ದ. “ಅವ್ನು ಹೊರಗೆ ಚಪ್ಪಲಿ ಬಿಡ್ತಿದಾನೇನಮ್ಮಾ?” ಎಂದು ಕೇಳಿದ. ನಾನು ಏನು ಹೇಳಲಿ? ಹೌದು ಎಂದೆ. ನಿಮ್ಮ ಮರ್ಯಾದೆ ಉಳಿಸಲು ಸತ್ತವರ ಮನೆಯಲ್ಲಿ ಸುಳ್ಳು ಹೇಳಿ, ಅವನು ಕಾಯುತ್ತ ಕುಳಿತದ್ದನ್ನು ನೋಡಿ ಬಂದೆ.

ಅದಾದ ಮೇಲೇ ಆ ಭಾನುವಾರ ನಾನು ಮಹಡಿ ಹತ್ತಿದ್ದು. ಬೈಯಲು ಬಂದಿರಲಿಲ್ಲ. ಕೇಳಿದ್ದು ಒಂದೇ: “ಲಿಫ್ಟಣ್ಣನ ಜೊತೆ ಮಾತು ಬಿಟ್ಟಿದ್ದು ನೀವು ಒಬ್ಬೊಬ್ಬರೇ ಯೋಚಿಸಿನಾ?” ಎಲ್ಲರ ಮುಖವೂ ಅಂಗಡಿಯವರ ಕಡೆ ತಿರುಗಿತು. ಅವರು ಸಣ್ಣಗೆ ನಕ್ಕರು. ಆಗ ನೀವೆಲ್ಲ ನಕ್ಕಿರಿ. ನೀವೂ. ಆಗಲೇ ನನ್ನ ಬಾಯಿಂದ ‘ಕುರುಡು ಪಂಥ’ ಎಂಬ ಆ ಮಾತು ಬಂದದ್ದು.

ಅದಕ್ಕೆ ನೀವು ಎದ್ದು ನಿಂತು, ಹೆಂಡತಿಯ ಮಾತಿಗೆ ನಾನು ಜವಾಬ್ದಾರನಲ್ಲ, ಮದುವೆಯೂ ಒಂದು ಒಪ್ಪಂದ ಅಷ್ಟೇ, ಬೇಡವಾದಾಗ ಬಿಡಬಹುದು ಎಂದಿರಿ. ಹೇಳುವಾಗ ನನ್ನ ಕಡೆ ಅಲ್ಲ, ಅಂಗಡಿಯವರ ಕಡೆ ನೋಡುತ್ತಿದ್ದಿರಿ.

ಮೊನ್ನೆ ಶಾಲೆಯ ಗೇಟಿನ ಹತ್ತಿರ ಪುಟ್ಟಿಗೆ, ಅಮ್ಮ ಮಾತು ವಾಪಸ್ ತಗೊಂಡರೆ ಬರುತ್ತೇನೆ ಎಂದಿರಂತೆ. ಅವಳು ಬಂದು ಸೊಂಟದ ಮೇಲೆ ಕೈಯಿಟ್ಟು, “ಕೊಟ್ಟಿದ್ದನ್ನ ವಾಪಸ್ ಕೇಳ್ಬಾರ್ದು ಅಂತ ನೀನೇ ಬೈತೀಯಲ್ಲಮ್ಮಾ, ಅಪ್ಪಂಗೆ ಗೊತ್ತಿಲ್ವಾ?” ಎಂದಳು. ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು. ಆ ಮಗುವನ್ನು ಯಾಕೆ ನಡುವೆ ತಂದಿರಿ? ಅವಳು ಯಾವ ಒಪ್ಪಂದಕ್ಕೂ ಸಹಿ ಹಾಕಿ ಹುಟ್ಟಲಿಲ್ಲ.

ಈಗ ನನ್ನ ಉತ್ತರ. ಬೇಕಾದರೆ ಎಲ್ಲರ ಮುಂದೆ ಓದಿ. ಆ ಪುಸ್ತಕದ ಮೇಲಿಂದ ಆ ಪದವನ್ನು ತೆಗೆದುಕೊಳ್ಳುತ್ತೇನೆ. ಅದನ್ನು ಓದಿ ಒಪ್ಪಿದವರು, ಒಪ್ಪದವರು, ಒಪ್ಪಿಯೂ ಜಗಳವಾಡುವವರು ಎಲ್ಲೆಲ್ಲೋ ಇದ್ದಾರು. ಅವರಿಗೆಲ್ಲ ಆ ಪದ ಅಂಟಿಸಿದರೆ ಅನ್ಯಾಯ. ಆದರೆ ಆ ಕೋಣೆಯ ಮೇಲಿಂದ ತೆಗೆಯಲಾರೆ. ನಮ್ಮ ಬಾಗಿಲಿಗೆ ಬೀಗವಿಲ್ಲ, ಯಾವಾಗ ಬೇಕಾದರೂ ಹೋಗಬಹುದು ಎನ್ನುತ್ತೀರಿ. ಹೋದವನ ಅಮ್ಮ ಸತ್ತರೂ ನೀವು ಅತ್ತ ತಿರುಗಿ ನೋಡುವುದಿಲ್ಲವಲ್ಲ, ಬೀಗ ಇನ್ನೇತಕ್ಕೆ? ಯಾರಿಗೂ ತಲೆಬಾಗಬಾರದು ಎಂಬುದನ್ನು ಒಬ್ಬರ ಮುಖ ನೋಡಿ ಕಲಿಯುತ್ತಿದ್ದೀರಿ.

ನೀವು ಬರದಿದ್ದರೆ ಮನೆ ನಡೆಯುತ್ತದೆ. ಅದನ್ನು ಬರೆಯಲು ನನಗೆ ಸುಲಭವಾಗಿಲ್ಲ, ಆದರೂ ಬರೆದೆ. ಬರುವುದಾದರೆ ಮೊದಲು ಲಿಫ್ಟಣ್ಣನ ಮನೆಗೆ ಹೋಗಿ ಬನ್ನಿ. ಯಾರನ್ನೂ ಕೇಳದೆ ಹೋಗಿ.

ಒಪ್ಪಂದಕ್ಕಲ್ಲ, ಇಷ್ಟಪಟ್ಟು ನಿಮ್ಮ ಕೈಹಿಡಿದ,
ಪುಟ್ಟಿಯ ಅಮ್ಮ

ಮತ್ತೆ ಒಂದು ಮಾತು: ಇದನ್ನು ಬರೆಯಬಾರದೆಂದಿದ್ದೆ. ಆ ಭಾನುವಾರ ಪುಟ್ಟಿಯನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಇನ್ನು ಮೇಲೆ ಪ್ರತಿ ಭಾನುವಾರವೂ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದೆ. ನೀವು ಕೆಲಸಕ್ಕೆ ಹೋದಾಗಲೆಲ್ಲ ಓದಿ ಪುಸ್ತಕ ಮುಗಿಸಿದ್ದೆ. ನನ್ನನ್ನೂ ಸೇರಿಸಿಕೊಳ್ಳಿ ಎಂದು ಹೇಗೆ ಕೇಳುವುದೆಂದು ಮೆಟ್ಟಿಲ ಮೇಲೆ ನಿಂತು ಬಾಯಿಪಾಠ ಮಾಡಿಕೊಂಡೆ. ನಾನು ಕೇಳಿದ್ದಕ್ಕೆ ಒಬ್ಬರು, ಒಬ್ಬರೇ ಒಬ್ಬರು, ಅಂಗಡಿಯವರ ಮುಖ ನೋಡದೆ ಉತ್ತರ ಕೊಟ್ಟಿದ್ದರೂ ಅಲ್ಲೇ ಕುಳಿತುಬಿಡುತ್ತಿದ್ದೆ. ಆ ಒಬ್ಬರು ನೀವೇ ಇರುತ್ತೀರಿ ಎಂದುಕೊಂಡಿದ್ದೆ.