ಕೈ ಹಿಡಿದ ಗೋಡೆ

ಪ್ರೀತಿಯ ಅಕ್ಕನಿಗೆ,

ಕಾಲು ಮುರಿದ ಮೇಲೆ ಮಹಡಿ ಹತ್ತಲಾರದ ನನಗೆಂದು ಮಗ ಮೆಟ್ಟಿಲ ಕೆಳಗೆ ಪುಟ್ಟ ಶೌಚಾಲಯ ಕಟ್ಟಿಸುತ್ತಿದ್ದನಲ್ಲ, ಅದರ ಗೋಡೆಯ ಟೈಲ್ಸ್ ವಿಷಯಕ್ಕೆ ದೊಡ್ಡ ಪಂಚಾಯಿತಿಯೇ ನಡೆಯಿತು. ಸೊಸೆ ಕನ್ನಡಿಯಂತೆ ಹೊಳೆಯುವ ಬಿಳಿಯದನ್ನು ತೋರಿಸಿ, "ಹೋಟೆಲ್ ಥರ ಕಾಣುತ್ತೆ ಅತ್ತೆ" ಅಂದಳು.

"ಹೋಟೆಲಿಗೆ ಹೋಗೋರು ನೀವು, ಇಲ್ಲಿಗೆ ಹೋಗೋಳು ನಾನು" ಅಂದೆ.

ಅಂಗಡಿಯಿಂದ ತಂದ ತುಂಡುಗಳ ಮೇಲೆಲ್ಲ ನೀರು ಸುರಿದು ಅಂಗೈ ಒತ್ತಿ ನೋಡಿದೆ. ಎಲ್ಲವೂ ಜಾರಿದವು, ಒರಟು ಬೂದುಬಣ್ಣದ್ದೊಂದೇ ನನ್ನ ಕೈ ಹಿಡಿಯಿತು. ಅದನ್ನೇ ಹಾಕಿಸಿದೆ.

ಇವತ್ತು ಬೆಳಿಗ್ಗೆ ಆ ಗೋಡೆ ಹಿಡಿದು ಒಬ್ಬಳೇ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡೆ. ಹೊರಗಿನಿಂದ ಮಗ, "ಅಮ್ಮಾ, ಬರ್ಲಾ?" ಅಂದ.

"ಬೇಡ ಕಣೋ, ನಿನ್ನ ಕೆಲಸ ನೋಡ್ಕೋ" ಅಂದು ಆರಾಮವಾಗಿ ಕೂತೆ.

ಇನ್ನು ನೀನು ನನ್ನನ್ನು ನಡೆಸಲೆಂದು ಬರಬೇಡ. ಹರಟೆಗೆ ಬಾ.

ನಿನ್ನ ಹಟಮಾರಿ ತಂಗಿ